ಹೊರದೇಶದಲ್ಲಿ ಓದುವಾಗ ನಮ್ಮ ಹಬ್ಬ ಬಂದರೆ ಏನು ಮಾಡುವುದು?

ಪ್ರಶ್ನೆ: ನಾನು ಹೊರದೇಶದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಬಂದು ಎರಡು ತಿಂಗಳಾಯಿತು. ಇನ್ನು ಮೂರು ವಾರಕ್ಕೆ ನಮ್ಮ ಮನೆಯಲ್ಲಿ ವರ್ಷದ ದೊಡ್ಡ ಹಬ್ಬ. ಇಲ್ಲಿ ಅವತ್ತು ಮಾಮೂಲಿ ದಿನ, ಮಾರನೇ ದಿನ ಪರೀಕ್ಷೆ ಬೇರೆ. ಹಾಸ್ಟೆಲ್‌ನಲ್ಲಿ ಒಂದು ದೀಪ ಹಚ್ಚುವ ಹಾಗೂ ಇಲ್ಲ. ನಮ್ಮ ಕಡೆಯವರು ಅಂತ ಕ್ಲಾಸಿನಲ್ಲಿ ಯಾರೂ ಇಲ್ಲ. ವಿಡಿಯೋ ಕಾಲ್ ಮಾಡಿದರೆ ಎಲ್ಲಿ ಅತ್ತುಬಿಡುತ್ತೇನೋ ಅಂತ ಭಯ. ಈ ವರ್ಷ ಹಬ್ಬವನ್ನು ಬಿಟ್ಟು ಸುಮ್ನೆ ಓದಿಕೊಂಡಿದ್ದರೆ ಒಳ್ಳೆಯದಾ?

ಉತ್ತರ: ಬಿಡಬೇಡಿ. ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊರದೇಶದಿಂದ ಓದಲು ಬಂದ ವಿದ್ಯಾರ್ಥಿಗಳಿಗೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಾ ಬಂದಿದ್ದೇನೆ. ಹಬ್ಬವನ್ನು ಬಿಟ್ಟು ಓದಿಕೊಂಡಿರುತ್ತೇನೆ ಅಂದವರು ಆ ದಿನ ನಿಜವಾಗಿ ಓದಿದ್ದನ್ನು ನಾನು ನೋಡಿದ್ದು ಕಡಿಮೆ. ನೀವು ಬಿಟ್ಟರೂ ಹಬ್ಬ ನಿಮ್ಮನ್ನು ಬಿಡುವುದಿಲ್ಲ. ಬೆಳಿಗ್ಗೆಯಿಂದ ಮನೆಯ ಗುಂಪಿನಲ್ಲಿ ಫೋಟೋ ಬರುತ್ತಿರುತ್ತವೆ. ಪುಸ್ತಕ ತೆರೆದಿರುತ್ತದೆ, ಕಣ್ಣು ಫೋನಿನ ಮೇಲಿರುತ್ತದೆ. ಸಂಜೆ ಹೊತ್ತಿಗೆ ಓದೂ ಆಗಿರುವುದಿಲ್ಲ, ಹಬ್ಬವೂ ಆಗಿರುವುದಿಲ್ಲ.

ಯಾವ ಹಬ್ಬ ಅಂತ ನೀವು ಬರೆದಿಲ್ಲ. ತೊಂದರೆಯಿಲ್ಲ, ಹಬ್ಬ ಯಾವುದಾದರೂ ಉತ್ತರ ಹೆಚ್ಚುಕಮ್ಮಿ ಒಂದೇ. ತಮ್ಮ ದೇಶ ಬಿಟ್ಟು ಬೇರೆ ದೇಶದ ವಿಶ್ವವಿದ್ಯಾಲಯಗಳಲ್ಲಿ ಓದುವವರು ಜಗತ್ತಿನಲ್ಲಿ 60 ಲಕ್ಷಕ್ಕೂ ಜಾಸ್ತಿ ಇದ್ದಾರೆ. ದೀಪಾವಳಿಗೆ ಒಬ್ಬರು, ಈದ್‌ಗೆ ಇನ್ನೊಬ್ಬರು, ಇರಾನ್ ಕಡೆಯ ಹೊಸ ವರ್ಷ ನೌರೂಜ್‌ಗೆ ಮತ್ತೊಬ್ಬರು, ಥ್ಯಾಂಕ್ಸ್‌ಗಿವಿಂಗ್‌ಗೆ ಅಮೆರಿಕದಿಂದ ಯುರೋಪಿಗೆ ಹೋದ ಹುಡುಗಿ, ಎಲ್ಲರೂ ಇದೇ ಪ್ರಶ್ನೆ ಕೇಳುತ್ತಾರೆ.

ಈಗ ನನಗೆ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಮನೆಯಲ್ಲಿದ್ದಾಗ ಹಬ್ಬ ತಾನಾಗಿ ಬರುತ್ತಿತ್ತು ಅಂತ ನಮಗೆ ಅನಿಸಿರುತ್ತದೆ, ಅಲ್ವಾ? ಹಾಗೆ ಬರುತ್ತಿರಲಿಲ್ಲ. ಯಾರೋ ಒಂದು ವಾರ ಮೊದಲೇ ಮನೆ ಗುಡಿಸಿ ಒರೆಸುತ್ತಿದ್ದರು, ಸಾಮಾನಿನ ಪಟ್ಟಿ ಬರೆಯುತ್ತಿದ್ದರು, ಯಾರನ್ನು ಕರೆಯಬೇಕು ಅಂತ ನೆನಪಿಟ್ಟುಕೊಳ್ಳುತ್ತಿದ್ದರು, ನಸುಕಿಗೇ ಎದ್ದು ಒಲೆ ಹಚ್ಚುತ್ತಿದ್ದರು, ನೀವು ಎದ್ದು ಬರುವ ಹೊತ್ತಿಗೆ ಅರ್ಧ ಹಬ್ಬ ಮುಗಿದೇ ಇರುತ್ತಿತ್ತು. ಹೊರದೇಶದಲ್ಲಿ ಹಬ್ಬದ ದಿನ ಖಾಲಿಖಾಲಿ ಅನಿಸುವುದು ಮನೆ ದೂರ ಇದೆ ಅಂತ ಮಾತ್ರ ಅಲ್ಲ. ಆ ಕೆಲಸ ಮಾಡುವವರು ನಿಮ್ಮ ಜೊತೆ ಇಲ್ಲ, ಅದಕ್ಕೆ. ದೂರಕ್ಕೆ ಈಗ ಏನೂ ಮಾಡುವ ಹಾಗಿಲ್ಲ. ಆದರೆ ಮನೆಯ ಹಿರಿಯರು ಮಾಡುತ್ತಿದ್ದ ಕೆಲಸದಲ್ಲಿ ಸ್ವಲ್ಪವನ್ನಾದರೂ ನೀವು ಮಾಡಬಹುದು. ಪೂರ್ತಿ ಬೇಡ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಅದನ್ನು ಮೊದಲಿಂದ ಕೊನೆಯವರೆಗೆ ನಿಮ್ಮ ಕೈಯಾರೆ ಮಾಡಿ.

ಯಾವ ಕೆಲಸ ಅಂತ ನಾನು ಹೇಳಲಾರೆ, ನಿಮ್ಮ ಮನೆಯವರನ್ನು ಕೇಳಿ. ಹಬ್ಬದ ದಿನ ಅಲ್ಲ, ಇವತ್ತೇ. ನಮ್ಮ ಮನೆಯ ಹಬ್ಬದಲ್ಲಿ ಯಾರು ಏನು ಮಾಡುತ್ತಾರೆ, ಯಾವುದರ ನಂತರ ಯಾವುದು, ಯಾವುದನ್ನು ಬಿಟ್ಟರೆ ಹಬ್ಬ ಅನಿಸುವುದೇ ಇಲ್ಲ ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಬರೆದುಕೊಳ್ಳಿ. ಈ ಮಾತುಕತೆ ಹಬ್ಬಕ್ಕಿಂತ ಚೆನ್ನಾಗಿತ್ತು ಅಂದ ವಿದ್ಯಾರ್ಥಿಗಳೂ ಇದ್ದಾರೆ. ಮನೆಯಲ್ಲಿದ್ದಾಗ ನಾವು ಇದನ್ನೆಲ್ಲ ಕೇಳಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲಿಯೂ ಬರೆದಿಟ್ಟೂ ಇರುವುದಿಲ್ಲ, ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ನಿಮಗೂ ಒಂದು ಲಾಭ ಇದೆ. ಮನೆಯವರ ಜೊತೆಗಿನ ಮಾತು ‘ನೀನಿಲ್ಲದೆ ಬೇಜಾರು’ ಅನ್ನುವಲ್ಲಿಂದ ‘ಅದನ್ನು ಹೀಗಲ್ಲ, ಹಾಗೆ ಮಾಡು’ ಅನ್ನುವ ಕಡೆಗೆ ಹೊರಳುತ್ತದೆ. ಎರಡೂ ಕಡೆಯವರಿಗೆ ಹಗುರವಾಗುತ್ತದೆ.

ಅಳು ಬರುತ್ತದೆ ಅಂತ ಹೆದರುತ್ತಿದ್ದೀರಿ. ಬರಲಿ. ಮನೆ ನೆನಪಾಗಿ ಕಷ್ಟಪಡುವುದು ದೊಡ್ಡವರ ಲಕ್ಷಣ ಅಲ್ಲ ಅಂತ ಯಾರೋ ನಿಮ್ಮ ತಲೆಯಲ್ಲಿ ತುಂಬಿರಬೇಕು. 1688ರಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಮನೆಯ ಹಂಬಲದ ಬಗ್ಗೆಯೇ ಪ್ರಬಂಧ ಬರೆದ. ಅದರಲ್ಲಿ ಅವನು ವಿವರಿಸಿದವರಲ್ಲಿ ಒಬ್ಬ, ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ಯುವಕ. ಕಾಯಿಲೆ ಬಿದ್ದು ಬದುಕುವುದೇ ಅನುಮಾನ ಅನ್ನುವ ಹಾಗಾಗಿದ್ದವನು ಮನೆಗೆ ಹೊರಡಿಸಿದ ಮೇಲೆ ದಾರಿಯಲ್ಲೇ ಚೇತರಿಸಿಕೊಂಡ. ಬರ್ನ್ ಮತ್ತು ಬಾಸೆಲ್ ನಡುವೆ ಈಗ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಷ್ಟು ಹತ್ತಿರದವನಿಗೇ ಹಾಗಾಗಿತ್ತು. ನಿಮಗೆ ಗಂಟಲು ಕಟ್ಟಿದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬಂದು ಎರಡೇ ತಿಂಗಳು ಅಂದಿರಿ, ಅದೂ ಮುಖ್ಯ. 1955ರಲ್ಲಿ ಲಿಸ್ಗಾರ್ಡ್ ಎಂಬ ಸಂಶೋಧಕ ಅಮೆರಿಕಕ್ಕೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಹೋಗಿದ್ದ ನಾರ್ವೆಯವರನ್ನು ಮಾತಾಡಿಸಿ, ಮೊದಲು ಉತ್ಸಾಹ, 6ರಿಂದ 18 ತಿಂಗಳ ನಡುವೆ ಕುಸಿತ, ಆಮೇಲೆ ಚೇತರಿಕೆ ಅಂತ ಬರೆದರು. ಇದು ಎಲ್ಲ ಕಡೆ ಪಾಠದ ಹಾಗೆ ಹಬ್ಬಿತು. ಆದರೆ ನಂತರದ ಎಷ್ಟೋ ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ನ್ಯೂಜಿಲೆಂಡ್‌ಗೆ ಹೋದ ಜಪಾನಿ ವಿದ್ಯಾರ್ಥಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಷ್ಟ ಜಾಸ್ತಿ ಇದ್ದದ್ದು ಬಂದ ಮೊದಲ ದಿನಗಳಲ್ಲೇ. ನನ್ನ ಅನುಭವವೂ ಅದೇ. ಹಾಗಾಗಿ ‘ಬೇರೆಯವರೆಲ್ಲ ಖುಷಿಯಾಗಿದ್ದಾರೆ, ನನಗೆ ಮಾತ್ರ ಯಾಕೆ ಹೀಗೆ’ ಅಂತ ಕೇಳಿಕೊಳ್ಳಬೇಡಿ. ಅವರು ನಿಮಗೆ ಹೇಳಿಲ್ಲ, ಅಷ್ಟೇ.

ಪರೀಕ್ಷೆಯ ಹಿಂದಿನ ದಿನ ಹಬ್ಬ ಮಾಡಿದರೆ ಓದು ಕೆಡುವುದಿಲ್ಲವಾ? ಇದಕ್ಕೆ ತೀರಾ ಹತ್ತಿರದ ಒಂದು ಪ್ರಯೋಗ ಮಾರಿಷಸ್‌ನಲ್ಲಿ ನಡೆದಿದೆ, 2020ರಲ್ಲಿ ಪ್ರಕಟವಾಯಿತು. ಅಲ್ಲಿನ ಮರಾಠಿ ಹಿಂದೂ ಮಹಿಳೆಯರಿಗೆ ಒಂದು ಭಾಷಣ ತಯಾರಿಸಿ, ಅದನ್ನು ತಜ್ಞರು ಮೌಲ್ಯಮಾಪನ ಮಾಡುತ್ತಾರೆ ಅಂತ ಹೇಳಿದರು. ಎಲ್ಲರಿಗೂ ಆತಂಕ ಆಯಿತು. ಆಮೇಲೆ ಅರ್ಧ ಜನ ದೇವಸ್ಥಾನದಲ್ಲಿ ತಾವು ಎಂದಿನಂತೆ ಮಾಡುವ ಪೂಜೆ ಮಾಡಿದರು, ಉಳಿದವರು ಸುಮ್ನೆ ಕೂತರು. ಪೂಜೆ ಮಾಡಿದವರ ಆತಂಕ ಜಾಸ್ತಿ ಇಳಿಯಿತು. ದೇವರ ಮೇಲೆ ನಂಬಿಕೆ ಇಲ್ಲದವರಿಗೂ ಹೇಳಲು ಒಂದು ಮಾತಿದೆ. ಮೈಕೆಲ್ ನಾರ್ಟನ್ ಮತ್ತು ಫ್ರಾನ್ಸೆಸ್ಕಾ ಜಿನೋ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಏನನ್ನೋ ಕಳೆದುಕೊಂಡವರು ಚಿಕ್ಕದೊಂದು ವಿಧಿ ಆಚರಿಸಿದಾಗ ದುಃಖ ಕಡಿಮೆಯಾಯಿತು. ಇಂಥದ್ದರಲ್ಲಿ ನಂಬಿಕೆ ಇಲ್ಲ ಅಂದವರಿಗೂ ಕಡಿಮೆಯಾಯಿತು. ಪರಿಸ್ಥಿತಿ ನಮ್ಮ ಕೈಯಲ್ಲಿದೆ ಅನ್ನುವ ಭಾವನೆ ವಾಪಸ್ ಬರುತ್ತದೆ, ಅದು ಕಾರಣ ಅಂತ ಅವರು ಹೇಳುತ್ತಾರೆ. ಹಾಗಂತ ಪರೀಕ್ಷೆಯ ಹಿಂದಿನ ಇಡೀ ದಿನ ಅಡುಗೆಮನೆಯಲ್ಲಿ ಇರಿ ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಸಾಕು. ಸ್ನಾನ, ಒಳ್ಳೆ ಬಟ್ಟೆ, ಆರಿಸಿಕೊಂಡ ಆ ಒಂದು ಕೆಲಸ, ಮನೆಗೆ ಫೋನ್. ಆಮೇಲೆ ಪುಸ್ತಕ. ಜನರನ್ನು ಕರೆದು ಮಾಡುವ ದೊಡ್ಡ ಹಬ್ಬ ವಾರಾಂತ್ಯಕ್ಕೆ ಇರಲಿ.

‘ವಾರಾಂತ್ಯಕ್ಕೆ ಹಾಕಿದರೆ ಅದು ಹಬ್ಬವೇ ಅಲ್ಲ’ ಅಂತ ಮನೆಯವರು ಹೇಳಬಹುದು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ದಿನಾಂಕದ ವಿಷಯ ಜನ ಅಂದುಕೊಂಡಷ್ಟು ಗಟ್ಟಿ ಅಲ್ಲ. ತಿಥಿ ನೋಡಿ ಮಾಡುವ ಹಬ್ಬ ಆಗಿದ್ದರೆ, ತಿಥಿ ಶುರುವಾಗುವ ಕ್ಷಣ ಇಡೀ ಜಗತ್ತಿಗೆ ಒಂದೇ, ಆದರೆ ಸೂರ್ಯೋದಯ, ಸೂರ್ಯಾಸ್ತ ಒಂದೊಂದು ಕಡೆ ಒಂದೊಂದು ಹೊತ್ತಿಗೆ. ಹಾಗಾಗಿ ಭಾರತದ ಪಂಚಾಂಗದಲ್ಲಿ ಒಂದು ದಿನ ಇರುವ ಹಬ್ಬ ಅಮೆರಿಕದಲ್ಲಿ ಕೆಲವು ಸಲ ಒಂದು ದಿನ ಮೊದಲೇ ಬರುತ್ತದೆ. ನೀವಿರುವ ಊರಿಗೆ ಲೆಕ್ಕ ಹಾಕಿದ ಪಂಚಾಂಗ ನೋಡಿ. ನೌರೂಜ್ ಇನ್ನೂ ಸ್ವಾರಸ್ಯ. ಹಗಲು ಇರುಳು ಸಮವಾಗುವ ವಸಂತದ ಆ ಕ್ಷಣಕ್ಕೇ ಹೊಸ ವರ್ಷ. 2024ರಲ್ಲಿ ಟೆಹ್ರಾನ್‌ನಲ್ಲಿ ಅದು ಮಾರ್ಚ್ 20ರ ಬೆಳಿಗ್ಗೆ 6.36ಕ್ಕೆ ಬಂದರೆ, ನ್ಯೂಯಾರ್ಕ್‌ನಲ್ಲಿ ಓದುತ್ತಿದ್ದವರಿಗೆ ಮಾರ್ಚ್ 19ರ ರಾತ್ರಿ 11.06. ಚಂದ್ರನನ್ನು ನೋಡಿ ಮಾಡುವ ಹೊಸ ವರ್ಷಕ್ಕೆ ಚೀನಾದ ಲೆಕ್ಕ ಒಂದು ಸಮಯವಲಯದ್ದು, ವಿಯೆಟ್ನಾಂನದ್ದು ಅದಕ್ಕಿಂತ ಒಂದು ಗಂಟೆ ಹಿಂದಿನದು. ಆ ಒಂದು ಗಂಟೆಯ ವ್ಯತ್ಯಾಸದಿಂದ 1985ರಲ್ಲಿ ವಿಯೆಟ್ನಾಂನ ಹೊಸ ವರ್ಷ ಜನವರಿ 21ಕ್ಕೆ, ಚೀನಾದ್ದು ಫೆಬ್ರುವರಿ 20ಕ್ಕೆ ಬಂದವು. ಈದ್ ಅಂತೂ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಚಂದ್ರ ಕಂಡ ಮೇಲೇ ನಿರ್ಧಾರ ಅನ್ನುವ ಕಡೆ ನಾಳೆ ಹಬ್ಬವೋ ನಾಡಿದ್ದೋ ಅಂತ ಹಿಂದಿನ ರಾತ್ರಿವರೆಗೂ ಗೊತ್ತಿರುವುದಿಲ್ಲ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ, ಬೇರೆ ದೇಶದಲ್ಲಿ ಅವತ್ತು ಕ್ಲಾಸು ಇರುತ್ತದೆ, ಹಾಗಾಗಿ ಅಲ್ಲಿರುವ ಅಮೆರಿಕನ್ ವಿದ್ಯಾರ್ಥಿಗಳು ಶನಿವಾರಕ್ಕೋ ಭಾನುವಾರಕ್ಕೋ ಊಟ ಇಟ್ಟುಕೊಳ್ಳುತ್ತಾರೆ. ಹಬ್ಬಗಳು ಹಿಂದಿನಿಂದಲೂ ಜಾಗಕ್ಕೆ ತಕ್ಕಂತೆ ಸರಿದುಕೊಂಡೇ ಬಂದಿವೆ. ಆದರೂ ನನ್ನ ಸಲಹೆ, ಆ ದಿನವನ್ನು ಪೂರ್ತಿ ಖಾಲಿ ಬಿಡಬೇಡಿ. ಅವತ್ತು ಚಿಕ್ಕದಾಗಿ, ವಾರಾಂತ್ಯಕ್ಕೆ ಜನರ ಜೊತೆ.

ಪರೀಕ್ಷೆ ಹಬ್ಬದ ದಿನವೇ ಬಿದ್ದಿದ್ದರೆ ಬೇರೆ ಮಾತು. ಧಾರ್ಮಿಕ ಹಬ್ಬಗಳಿಗೆ ಪರೀಕ್ಷೆಯ ದಿನ ಬದಲಿಸಿಕೊಡುವ ಅಥವಾ ಗೈರುಹಾಜರಿ ಮನ್ನಿಸುವ ನಿಯಮ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದೆ. ಆದರೆ ಸೆಮಿಸ್ಟರಿನ ಮೊದಲ ವಾರಗಳಲ್ಲೇ ಬರೆದು ಕೇಳಬೇಕು. ಹಿಂದಿನ ದಿನ ಕೇಳಿದರೆ ಇಲ್ಲ ಅನ್ನುತ್ತಾರೆ, ಅದು ಅವರ ತಪ್ಪಲ್ಲ. ಸ್ವಾತಂತ್ರ್ಯ ದಿನದಂಥ ರಾಷ್ಟ್ರೀಯ ಹಬ್ಬಕ್ಕೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಪತ್ರ ಚಿಕ್ಕದಾಗಿರಲಿ. ಹಬ್ಬದ ಹೆಸರು, ದಿನಾಂಕ, ಯಾವ ಪರೀಕ್ಷೆ ತಪ್ಪುತ್ತದೆ, ಬದಲಿಗೆ ಯಾವಾಗ ಬರೆಯಬಲ್ಲಿರಿ, ಇಷ್ಟು ಸಾಕು. ಹಬ್ಬದ ಮಹತ್ವವನ್ನು ಒಂದು ಪುಟ ವಿವರಿಸುವುದು ಬೇಡ. ನಿಮ್ಮದು ಮಾರನೇ ದಿನ ಆದ್ದರಿಂದ ಇದರ ಅಗತ್ಯ ಬೀಳುವುದಿಲ್ಲ.

ಹಾಸ್ಟೆಲ್ ನಿಯಮದ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಕೋಣೆಯಲ್ಲಿ ಬೆಂಕಿ ಬೇಡ ಅಂದರೆ ಬೇಡ. ಹೊಗೆ ಪತ್ತೆ ಮಾಡುವ ಅಲಾರಾಂ ಮೇಲೆ ಬಟ್ಟೆ ಅಥವಾ ಪ್ಲಾಸ್ಟಿಕ್ ಕವರ್ ಕಟ್ಟಿ ಊದಿನಕಡ್ಡಿ ಹಚ್ಚುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ. ನಿಮ್ಮ ಕಟ್ಟಡದಲ್ಲಿ ರಾತ್ರಿ ನೂರಾರು ಜನ ಮಲಗಿರುತ್ತಾರೆ. ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಕೋಣೆಯೇ ಹೋಗಬಹುದು, ಕೆಲವು ದೇಶಗಳಲ್ಲಿ ಅದು ಅಪರಾಧವೂ ಹೌದು. ಬ್ಯಾಟರಿ ದೀಪ ಇಟ್ಟರೆ ಹಬ್ಬ ಕೆಡುವುದಿಲ್ಲ. ನಿಜವಾದ ಬೆಂಕಿಯೇ ಬೇಕು ಅನಿಸಿದರೆ ವಾರ್ಡನ್ ಹತ್ತಿರ ಹೋಗಿ, ಹೊರಗೆ ಅಂಗಳದಲ್ಲಿ, ಅವರು ಹೇಳಿದ ಜಾಗದಲ್ಲಿ, ಅವರು ಹೇಳಿದ ಹೊತ್ತಿಗೆ ಹಚ್ಚಬಹುದಾ ಅಂತ ಕೇಳಿ. ಕೇಳಿದವರಿಗೆ ಒಪ್ಪಿಗೆ ಸಿಕ್ಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೆಲವರು ತಾವೇ ಬಂದು ನಿಂತು ನೋಡಿ ಖುಷಿಪಟ್ಟಿದ್ದಾರೆ.

ಮನೆಯಿಂದ ಪಾರ್ಸೆಲ್ ತರಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವ ಹಾಗಿಲ್ಲ. ಅಂಚೆಯಲ್ಲಿ ಕಳಿಸಿದರೂ ಅಷ್ಟೇ. ಆಸ್ಟ್ರೇಲಿಯಾಕ್ಕೆ ಬರುವ ಪ್ರಯಾಣಿಕರು ತಿನ್ನುವ ವಸ್ತು, ಬೀಜ, ಎಲೆ, ಹೂವು ಇದ್ದರೆ ಮೊದಲೇ ತಿಳಿಸಬೇಕು, ಮುಚ್ಚಿಟ್ಟರೆ ದಂಡ. ಅಮ್ಮ ಇಷ್ಟಪಟ್ಟು ಮಾಡಿ ಕಳಿಸಿದ್ದು ಕಸದ ಬುಟ್ಟಿಗೆ ಹೋಯಿತು ಅಂತ ಅವರಿಗೆ ಹೇಳುವುದು ಬಹಳ ಕಷ್ಟ. ಬಟ್ಟೆ, ಕೈಬರಹದ ಪತ್ರ, ಹಳೆಯ ಫೋಟೋ, ಇಂಥವನ್ನು ಕಳಿಸಲು ಹೇಳಿ.

ಈಗ ಜನರ ವಿಷಯ. ನಮ್ಮ ಕಡೆಯವರು ಯಾರೂ ಇಲ್ಲ ಅಂದಿರಿ. ಅದೇ ನಿಮಗಿರುವ ದೊಡ್ಡ ಅವಕಾಶ ಅಂತ ನನಗೆ ಅನಿಸುತ್ತದೆ. ನಿಮ್ಮವರ ದೊಡ್ಡ ಸಂಘ ಇರುವ ಊರಿನಲ್ಲಿ ನೀವು ಟಿಕೆಟ್ ತೆಗೆದುಕೊಂಡು ಹೋಗಿ, ಕಾರ್ಯಕ್ರಮ ನೋಡಿ, ಊಟ ಮಾಡಿ ವಾಪಸ್ ಬರುತ್ತೀರಿ. ಅದು ಒಳ್ಳೆಯದೇ, ಸಿಕ್ಕರೆ ಹೋಗಿ. ಆದರೆ ಅಲ್ಲಿಯೂ ಬೇರೆಯವರು ಮಾಡಿದ ಹಬ್ಬಕ್ಕೆ ನೀವು ಅತಿಥಿ. ಹೋಗುವುದಾದರೆ ಕುರ್ಚಿ ಜೋಡಿಸುವ ಕೆಲಸವನ್ನಾದರೂ ಕೇಳಿ ತೆಗೆದುಕೊಳ್ಳಿ. ಗುರುತಾಗುವುದು ಸಭಿಕರ ಸಾಲಿನಲ್ಲಿ ಕೂತಾಗ ಅಲ್ಲ, ಕುರ್ಚಿ ಜೋಡಿಸುವಾಗ.

ಯಾರೂ ಇಲ್ಲದ ಕಡೆ ನೀವೇ ಕರೆಯಬೇಕು. ನಿಮ್ಮ ಮಹಡಿಯಲ್ಲಿರುವ ನಾಲ್ಕೈದು ಜನರನ್ನು ಕರೆಯಿರಿ. ಇಪ್ಪತ್ತು ಜನ ಬೇಡ, ಮೊದಲ ಸಲ ಸುಸ್ತಾಗಿಬಿಡುತ್ತೀರಿ. ಅವರಲ್ಲಿ ಅರ್ಧ ಜನ ತಮ್ಮ ಮನೆಯಿಂದ ದೂರ ಇರುವವರೇ. ಕರೆಯುವಾಗಲೇ ‘ನಿನಗೆ ತಿನ್ನಬಾರದ್ದು ಏನಾದರೂ ಇದೆಯಾ’ ಅಂತ ಕೇಳಿಬಿಡಿ. ಕಡಲೆಕಾಯಿ, ಎಳ್ಳು, ಹಾಲು, ಗೋಡಂಬಿಯಂಥ ಬೀಜಗಳು ಕೆಲವರಿಗೆ ಜೀವಕ್ಕೇ ಅಪಾಯ ತರುವ ಅಲರ್ಜಿ ಕೊಡುತ್ತವೆ. ಧರ್ಮದ ಕಾರಣಕ್ಕೆ ತಿನ್ನದವರೂ ಇರುತ್ತಾರೆ. ಬಂದವರನ್ನು ಕೂರಿಸಿ ನಮ್ಮ ಸಂಸ್ಕೃತಿಯ ಬಗ್ಗೆ ಭಾಷಣ ಮಾಡಬೇಡಿ. ಕೈಗೆ ಕೆಲಸ ಕೊಡಿ. ಒಬ್ಬರು ಹೆಚ್ಚಲಿ, ಒಬ್ಬರು ಅಲಂಕಾರ ಮಾಡಲಿ. ಕೆಲಸ ಮಾಡುತ್ತಾ ಅವರೇ ಕೇಳುತ್ತಾರೆ, ಇದು ಯಾಕೆ, ಅದು ಯಾಕೆ ಅಂತ. ಆಗ ನಿಮಗೂ ಎಷ್ಟೋ ಉತ್ತರ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ, ಮನೆಗೆ ಫೋನ್ ಮಾಡಿ ಕೇಳುತ್ತೀರಿ, ಅಜ್ಜಿ ಸ್ಪೀಕರ್‌ನಲ್ಲಿ ಉತ್ತರಿಸುತ್ತಾರೆ, ಯಾರಿಗೂ ಭಾಷೆ ಅರ್ಥವಾಗದಿದ್ದರೂ ಎಲ್ಲರೂ ನಗುತ್ತಾರೆ.

ಇನ್ನೊಂದು ವಿಷಯ, ನಿಮ್ಮ ಹಬ್ಬ ನೀವು ಅಂದುಕೊಂಡಷ್ಟು ನಿಮ್ಮೊಬ್ಬರದೇ ಆಗಿರುವುದಿಲ್ಲ. ಏಪ್ರಿಲ್ ನಡುವಿನ ಹೊಸ ವರ್ಷ ಭಾರತದ ಹಲವು ರಾಜ್ಯಗಳ ಜೊತೆಗೆ ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾದವರಿಗೂ ಹೊಸ ವರ್ಷವೇ. ನೌರೂಜ್ ಇರಾನ್‌ನವರಿಗೆ ಮಾತ್ರ ಅಲ್ಲ, ತಜಿಕಿಸ್ತಾನ್, ಉಜ್ಬೇಕಿಸ್ತಾನ್, ಅಜರ್‌ಬೈಜಾನ್‌ನವರಿಗೂ, ಕುರ್ದ್ ಜನರಿಗೂ ಇದೆ. 2010ರಿಂದ ವಿಶ್ವಸಂಸ್ಥೆಯೂ ಮಾರ್ಚ್ 21ನ್ನು ಅಂತರರಾಷ್ಟ್ರೀಯ ನೌರೂಜ್ ದಿನ ಅಂತ ಗುರುತಿಸಿದೆ. ನಿಮ್ಮ ಕ್ಲಾಸಿನಲ್ಲಿ ನಿಮ್ಮ ದೇಶದವರು ಇಲ್ಲದಿರಬಹುದು, ಅದೇ ವಾರ ಹಬ್ಬ ಇರುವ ಇನ್ನೊಬ್ಬರು ಇರಬಹುದು. ಹುಡುಕಿ. ಇಬ್ಬರೂ ಸೇರಿ ಮಾಡಿದರೆ ಖರ್ಚು ಅರ್ಧ, ಕೆಲಸ ಅರ್ಧ, ಧೈರ್ಯ ಜಾಸ್ತಿ.

ವಿಡಿಯೋ ಕಾಲ್ ಬಗ್ಗೆ ಎರಡು ಮಾತು. ಇಡೀ ದಿನ ಫೋನನ್ನು ಗೋಡೆಗೆ ಒರಗಿಸಿಟ್ಟು ಮನೆಯ ಹಬ್ಬ ನೋಡುತ್ತಾ ಕೂರಬೇಡಿ. ಅದರಿಂದ ಹತ್ತಿರ ಆದ ಹಾಗೆ ಅನಿಸುವುದಿಲ್ಲ, ಕಿಟಕಿಯ ಹೊರಗೆ ನಿಂತ ಹಾಗೆ ಅನಿಸುತ್ತದೆ. ಮನೆಯಲ್ಲಿ ನೆಂಟರೆಲ್ಲ ಸೇರಿ ಗಲಾಟೆ ಆಗುವ ಮೊದಲೇ, ನಿಮ್ಮ ಕೆಲಸ ಮಾಡುವ ಹೊತ್ತಿಗೆ ಸರಿಯಾಗಿ, ಒಂದು ಕಾಲ್. ‘ನೋಡಿ, ನಾನೂ ಮಾಡುತ್ತಿದ್ದೇನೆ’ ಅಂತ ತೋರಿಸುವ ಕಾಲ್ ಅದು. ಸಮಯ ನಿಗದಿ ಮಾಡುವಾಗ ಹುಷಾರು. ಯುರೋಪಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ. ಆ ದಿನಗಳಲ್ಲಿ ಹಬ್ಬ ಬಂದರೆ ನಿನ್ನೆಯವರೆಗೆ ಸರಿಯಿದ್ದ ಲೆಕ್ಕ ಇವತ್ತು ತಪ್ಪುತ್ತದೆ, ಅಲ್ಲಿ ಅಪ್ಪ ಅಮ್ಮ ಫೋನ್ ಹಿಡಿದು ಒಂದು ಗಂಟೆ ಕಾಯುತ್ತಾರೆ.

ಹಬ್ಬ ಮುಗಿದ ಮೇಲೆ ಎರಡು ಮೂರು ದಿನ ಮನಸ್ಸು ಭಾರವಾಗಿದ್ದರೆ ಗಾಬರಿ ಬೇಡ. ಆದರೆ ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಕ್ಲಾಸಿಗೆ ಹೋಗಲು ಮನಸ್ಸಾಗದಿದ್ದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗಿ. ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಅದು ಉಚಿತ. ನೀವು ಹೇಳಿದ್ದನ್ನು ನಿಮ್ಮ ಪ್ರೊಫೆಸರಿಗೆ ಹೇಳುವುದಿಲ್ಲ, ಅಂಕಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ.

ಮೂರು ವಾರ ಇದೆ ಅಂದಿರಿ, ಸಾಕಷ್ಟು ಸಮಯ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ ಯಾರು ಏನು ಮಾಡುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ನಾಳೆ ಹಾಸ್ಟೆಲ್ ಆಫೀಸಿಗೆ ಹೋಗಿ ಪರೀಕ್ಷೆಯ ನಂತರದ ಶನಿವಾರಕ್ಕೆ ಕಾಮನ್ ರೂಮ್ ನಿಮ್ಮ ಹೆಸರಿಗೆ ಬರೆಸಿ. ಪರೀಕ್ಷೆ ಮುಗಿದ ವಾರಾಂತ್ಯಕ್ಕೆ ಎಲ್ಲರೂ ಕೇಳುತ್ತಾರೆ, ತಡ ಮಾಡಿದರೆ ಸಿಗುವುದಿಲ್ಲ.